ವಾಮನಯ್ಯನ ಹೋಟೆಲಿನ ಅಂಟು

ನಮ್ಮೂರಿನಲ್ಲಿ ಯಾವ ಅಂಗಡಿಗೆ ಹೋದರೂ ಕೂರುವ ಮೊದಲು ಬಾಗಿಲ ಚೌಕಟ್ಟು ನೋಡುತ್ತಾರೆ. ಅಲ್ಲಿ ಹಸಿ ಸುಣ್ಣದ ಗೆರೆ ಇದ್ದರೆ ಬೆಳಿಗ್ಗೆ ಹಬೆ ಹೊಡೆದಿದ್ದಾರೆ ಅಂತ ಅರ್ಥ, ಧೈರ್ಯವಾಗಿ ಕೂರಬಹುದು. ಇಲ್ಲದಿದ್ದರೆ ನಿಂತುಕೊಂಡೇ ಕೆಲಸ ಮುಗಿಸಿ ಬರುವುದು ಕ್ಷೇಮ. ಯಾಕೆಂದರೆ ಇಲ್ಲಿ ಅಂಗಡಿಗಳಲ್ಲಿ ಕೂತವರ ಮನಸ್ಸು ಕೂತ ಜಾಗಕ್ಕೆ ಅಂಟಿಕೊಳ್ಳುತ್ತದೆ. ನಿನ್ನೆ ಕ್ಷೌರದ ಕುರ್ಚಿಯಲ್ಲಿ ಯಾರೋ ಭಾವಮೈದುನನ ಮೇಲೆ ಹಲ್ಲು ಕಡಿಯುತ್ತಾ ಕೂತಿದ್ದರೆ, ಇವತ್ತು ನೀವು ಅಲ್ಲಿ ಗಡ್ಡ ಕೆರೆಸಿಕೊಂಡು ಹೋಗಿ ಏನೂ ಅರಿಯದ ನಿಮ್ಮ ಭಾವಮೈದುನನ ಮೇಲೆ ಹಾರಿ ಬೀಳುತ್ತೀರಿ. ಮನೆಗಳಲ್ಲಿ ಹೀಗಾಗುವುದಿಲ್ಲ, ಅರಳಿಕಟ್ಟೆಯಲ್ಲೂ ಇಲ್ಲ. ಕೊಟ್ಟು ತೆಗೆದುಕೊಳ್ಳುವ ಜಾಗಗಳಲ್ಲಿ ಮಾತ್ರ. ಇದಕ್ಕೆ ನಾವು ಅಂಟು ಅನ್ನುತ್ತೇವೆ. ಸೋಪಿಗೆ, ಸೀಗೆಗೆ, ಕುದಿನೀರಿಗೆ ಅದು ಜಗ್ಗುವುದಿಲ್ಲ. ಹಬೆಗೆ ಮಾತ್ರ ಬಿಡುತ್ತದೆ.

ನನ್ನ ಹೆಸರು ಸುಗುಣ. ಪೇಟೆಬೀದಿಯಲ್ಲಿ ಬ್ಲೌಸು ಹೊಲಿಯುತ್ತೇನೆ. ನನ್ನ ಅಂಗಡಿಯಲ್ಲಿ ಗಿರಾಕಿಗಳಿಗೆ ಅಂತ ಇರುವುದು ಒಂದು ಸ್ಟೂಲು, ಅದಕ್ಕೆ ಅಂಟುವುದೂ ಒಂದೇ ಸಂಗತಿ: ಹಬ್ಬದೊಳಗೆ ಇವಳು ಕೊಡುತ್ತಾಳೋ ಇಲ್ಲವೋ ಅನ್ನುವ ಅನುಮಾನ. ಅನುಮಾನ ಸುಳ್ಳೇನಲ್ಲ ಬಿಡಿ. ಆದರೂ ನಮ್ಮ ಬೀದಿಯ ಲಿಂಗಕ್ಕ ದಿನಾ ಬಂದು ಹಬೆ ಹೊಡೆದು ಅದನ್ನು ಎಬ್ಬಿಸಿ ಹೋಗುತ್ತಾಳೆ. ಇದು ಅವಳ ಕಥೆ. ನಾನು ಎದುರಿಗಿದ್ದೆ ಅಂತ ಹೇಳುತ್ತಿದ್ದೇನೆ, ಅಷ್ಟೇ.

ಲಿಂಗಕ್ಕನ ಪೂರ್ತಿ ಹೆಸರು ಸಿದ್ಧಲಿಂಗಮ್ಮ. ಗಟ್ಟಿ ಮೈಕಟ್ಟು, ಹಬೆಯಲ್ಲಿ ಬೆಂದು ಬೆಂದು ಕೆಂಪಾದ ಕೈ, ಎರಡು ಕೆಟ್ಟ ಮಂಡಿ. ನಾಲ್ಕು ಗಾಲಿಯ ಗಾಡಿಯ ಮೇಲೆ ಹಂಡೆಯಂಥ ಬಾಯ್ಲರು, ಅದಕ್ಕೊಂದು ಉದ್ದ ಪೈಪು, ಪೈಪಿನ ತುದಿಗೆ ಹಿತ್ತಾಳೆಯ ಮೂತಿ. ಹಬೆಯವರ ಕೆಲಸ ನೋಡಿದವರಿಗೆ ಸುಲಭ ಅನ್ನಿಸುತ್ತದೆ, ಹೊಗೆ ಬಿಟ್ಟ ಹಾಗೆ ಬಿಟ್ಟುಕೊಂಡು ಹೋದರೆ ಆಯಿತಲ್ಲ ಅಂತ. ಹಾಗಲ್ಲ. ಹಬೆ ಹೊಡೆಯುವ ಮೊದಲು ಅವರು ಪ್ರತಿಯೊಂದು ಕುರ್ಚಿ, ಬೆಂಚಿನ ಮೇಲೂ ತಾವೇ ಕೂತು ನೋಡಬೇಕು. ಗಳಿಗೆಯ ಮಟ್ಟಿಗೆ ಕೂತರೆ ಅವರದೇನೂ ಅಂಟುವುದಿಲ್ಲ. ಅಲ್ಲಿ ಅಂಟಿರುವುದೇನು ಅಂತ ಗೊತ್ತಾದರೆ ತಾನೇ ಎಷ್ಟು ಹೊಡೆಯಬೇಕು ಅಂತ ಗೊತ್ತಾಗುವುದು? ಅಂಟಿರುವುದು ಅವಸರವಾದರೆ ಮೂತಿಯನ್ನು ಒಂದು ಸಲ ಆಡಿಸಿದರೆ ಹಾರಿಹೋಗುತ್ತದೆ. ಸಿಟ್ಟಿಗೆ ಮೂತಿಯನ್ನು ಮರಕ್ಕೆ ತಾಗಿಸಿ ನಿಧಾನಕ್ಕೆ ಎಳೆಯಬೇಕು. ಮುನಿಸು ಬಲು ಕಳ್ಳ, ಹಲಗೆಯ ಸಂದಿಯಲ್ಲಿ, ಮೊಳೆಯ ತಲೆಯ ಕೆಳಗೆ ಹೋಗಿ ಅಡಗಿರುತ್ತದೆ.

ಹೀಗಾಗಿ ಬೆಳಿಗ್ಗೆ ಹೊತ್ತು ಲಿಂಗಕ್ಕನನ್ನು ಮಾತಾಡಿಸುವುದು ಸ್ವಲ್ಪ ನೋಡಿಕೊಂಡೇ. ಬಳೆ ಅಂಗಡಿಯಿಂದ ನಗುನಗುತ್ತಾ ಬಂದವಳು ಅಡವಿನ ಅಂಗಡಿ ದಾಟುವಷ್ಟರಲ್ಲಿ ಕಣ್ಣು ಒರೆಸಿಕೊಳ್ಳುತ್ತಿರುತ್ತಾಳೆ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬರುವವರೆಗೆ ಅವಳ ಗಂಡ ಅವಳ ಜೊತೆ ತುಟಿ ಬಿಚ್ಚುವುದಿಲ್ಲ. ಒಮ್ಮೆ ಬಿಚ್ಚಿ ಪಾಠ ಕಲಿತಿದ್ದಾನಂತೆ. ಇದೇ ಕಾರಣಕ್ಕೆ ಹಬೆಯವರು ಹೋಟೆಲಿನಲ್ಲಿ ಕೂತು ತಿನ್ನುವ ಪದ್ಧತಿಯೂ ಇಲ್ಲ. ಊರಿನ ಕಸವೆಲ್ಲ ಹೊತ್ತುಕೊಂಡು ಓಡಾಡುವವರು ಕೂತರೆ ಆ ಜಾಗದ ಗತಿ ಏನು? ಕಾಫಿಯನ್ನೂ ನಿಂತೇ ಕುಡಿಯುತ್ತಾರೆ. ಲಿಂಗಕ್ಕ ಪೈಪು ಹಿಡಿದ ದಿನದಿಂದ ಒಂದು ಹೋಟೆಲಿನಲ್ಲೂ ಗಿರಾಕಿಯಾಗಿ ಕೂತವಳಲ್ಲ.

ವಾಮನಯ್ಯ ನಮ್ಮೂರಿನವರಲ್ಲ. ಆಚೆ ಊರಿನ ಯಾವುದೋ ದೊಡ್ಡ ಹೋಟೆಲಿನ ಅಡಿಗೆಮನೆಯಲ್ಲಿ ಹೊಗೆ ಕುಡಿದು ತಲೆ ಹಣ್ಣು ಮಾಡಿಕೊಂಡು, ಸಾಯುವುದರೊಳಗೆ ಸ್ವಂತದ್ದು ಅಂತ ಒಂದು ಮಾಡಿಬಿಡೋಣ ಎಂದು ಹೆಂಡತಿ ಕಮಲಾಕ್ಷಮ್ಮನನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ನನ್ನ ಅಂಗಡಿಯ ಎದುರಿಗಿದ್ದ ಮಳಿಗೆ ಹಿಡಿದರು. ಆ ಮಳಿಗೆಯಲ್ಲಿ ಮೊದಲು ಚಪ್ಪಲಿ ಅಂಗಡಿ ಇತ್ತು, ಮುಚ್ಚಿತು. ಆಮೇಲೆ ಪಾತ್ರೆ ಅಂಗಡಿ ಬಂತು, ಅದೂ ಮುಚ್ಚಿತು. ಅದೆಲ್ಲ ಅವರಿಗೆ ಯಾರೂ ಹೇಳಲಿಲ್ಲ.

ಇಡ್ಲಿ ಅಂದರೆ ಅವರದು ಇಡ್ಲಿ. ಬಾಳೆಲೆ ಸುತ್ತಿ ಬೇಯಿಸಿದ್ದು, ಮುಟ್ಟಿದರೆ ಬೆರಳು ಒಳಗೆ ಹೋಗುವಂಥದ್ದು. ಮೊದಲ ದಿನ ನಾನೂ ತರಿಸಿಕೊಂಡು ಅಂಗಡಿಯಲ್ಲೇ ತಿಂದೆ. ಮಿಷನ್ನು ತುಳಿಯುವುದನ್ನೇ ಮರೆತೆ. ಆದರೆ ಅಲ್ಲಿ ಹೋಗಿ ಕೂತವರ ಕಥೆಯೇ ಬೇರೆ. ಒಳಗೆ ಹೋಗುವಾಗ ಚೆನ್ನಾಗಿಯೇ ಹೋಗುತ್ತಿದ್ದರು. ಕೂತ ಕೂಡಲೇ ಅವರ ಮುಖ ಇಳಿಯುತ್ತಿತ್ತು. ತಟ್ಟೆಯನ್ನು ನೋಡುವುದು, ಅತ್ತ ಇತ್ತ ನೋಡುವುದು, ಯಾರಾದರೂ ತಮ್ಮನ್ನು ನೋಡಿ ನಗುತ್ತಿದ್ದಾರೋ ಅಂತ ತಿರುಗುವುದು. ಅರ್ಧ ಇಡ್ಲಿ ಮುರಿದು ಎದ್ದುಬಿಡುತ್ತಿದ್ದರು. ನಮ್ಮ ಬೀದಿಯ ಅಕ್ಕಿ ಮಂಡಿಯ ಚನ್ನವೀರಣ್ಣ, ಬಾಗಿಲಲ್ಲಿ ನಿಂತವರನ್ನು ತಳ್ಳಿಕೊಂಡು ಹೋಗುವ ಆಸಾಮಿ, ಹೊರಗೆ ಬಂದು ನನ್ನನ್ನು ಕೇಳಿದ, "ಸುಗುಣಮ್ಮ, ನಾನು ಅಂದ್ರೆ ನಿಮ್ಗೆಲ್ಲ ಬೇಜಾರಾ?" ನನಗೆ ನಗು ತಡೆಯಲಾಗಲಿಲ್ಲ, ಆದರೆ ಪಾಪ ಅವನ ಕಣ್ಣಲ್ಲಿ ನೀರಿತ್ತು.

ಲಿಂಗಕ್ಕನಿಗೂ ಮೊದಲ ವಾರದಲ್ಲೇ ಗೊತ್ತಾಯಿತು. ಬೆಳಿಗ್ಗೆ ಬಂದು ಒಂದೊಂದೇ ಬೆಂಚಿನಲ್ಲಿ ಕೂತು ನೋಡುತ್ತಾಳೆ, ಎಲ್ಲದರಲ್ಲೂ ಒಂದೇ ಅಂಟು. ಹೆದರಿಕೆ. ಬರುತ್ತಾರೋ ಇಲ್ಲವೋ, ಬಂದರೂ ಇಷ್ಟವಾಗುತ್ತದೋ ಇಲ್ಲವೋ, ಇಷ್ಟವಾದರೂ ನಾಳೆ ಬರುತ್ತಾರೋ ಇಲ್ಲವೋ ಅನ್ನುವ ಹೆದರಿಕೆ. ಕಿಟಕಿ ಪಕ್ಕದ ಬೆಂಚಿಗೂ ಅದೇ, ಮೂಲೆಯ ಬೆಂಚಿಗೂ ಅದೇ, ಹೆಚ್ಚಿಲ್ಲ ಕಡಿಮೆಯಿಲ್ಲ, ಸುಣ್ಣ ಬಳಿದ ಹಾಗೆ ಸಮವಾಗಿ. ಯಾರೂ ಕೂರದ ಬೆಂಚಿಗೂ ಅಂಟಿತ್ತು. ಅಂಥದ್ದನ್ನು ಅವಳು ಕಂಡಿರಲಿಲ್ಲ.

"ಇದು ಜನರದ್ದಲ್ಲ ಸುಗುಣ," ಎಂದಳು ನನ್ನ ಹತ್ತಿರ. "ಜನ ಅಂದ್ರೆ ಒಬ್ಬೊಬ್ರದ್ದು ಒಂದೊಂದು ಇರುತ್ತೆ. ಇದು ಗೋಡೆಯಿಂದ ಬರ್ತಾ ಇದೆ. ಆ ಚಪ್ಪಲಿಯವ್ನು, ಆ ಪಾತ್ರೆಯವ್ನು, ಇಬ್ರೂ ಹೆದ್ರಿ ಹೆದ್ರಿ ಮುಚ್ಚಿದ್ರಲ್ಲ, ಗಾರೆ ಒಳಗೆ ಹೋಗಿ ಕೂತ್ಬಿಟ್ಟಿದೆ."

ನನಗೂ ಸರಿ ಅನ್ನಿಸಿತು. ಊರಿಗೇ ಸರಿ ಅನ್ನಿಸಿತು. ಅಂಟು ಅಂದರೆ ಕೂತು ಆಗುವುದು, ಇಲ್ಲ ಹಿಂದಿನವರು ಕೂತು ಆಗಿದ್ದು, ಇದರ ಆಚೆ ನಮ್ಮ ಯಾರ ಬುದ್ಧಿಯೂ ಓಡಲಿಲ್ಲ. ಲಿಂಗಕ್ಕ ಬೆಂಚುಗಳನ್ನೆಲ್ಲ ಹೊರಗೆಳೆಸಿ ಗೋಡೆಗೆ ಹಬೆ ಹೊಡೆದಳು. ಮೇಲಿಂದ ಕೆಳಗೆ, ಮೂಲೆ ಮೂಲೆ, ಬಾಗಿಲ ಕೀಲು, ಕೈತೊಳೆಯುವ ನಲ್ಲಿಯ ಬುಡ, ಮೇಜಿನ ಅಂಚಿನ ಅಡಿಯಲ್ಲಿ ಜನ ಬೆರಳು ಒರೆಸುವ ಜಾಗ ಯಾವುದನ್ನೂ ಬಿಡಲಿಲ್ಲ. ಬಾಯ್ಲರಿಗೆ ಮತ್ತೆ ಮತ್ತೆ ನೀರು ತುಂಬಿದಳು. ಒಂದು ಕಡೆ ಗಾರೆ ಉದುರಿ ಇಟ್ಟಿಗೆ ಹಲ್ಲು ಕಿರಿಯಿತು. ಎಲ್ಲ ಮುಗಿಸಿ ಕೂತು ನೋಡಿದಳು, ಒಂದು ಚೂರೂ ಇಲ್ಲ, ಹೊಸ ಮಡಕೆಯ ಹಾಗಿತ್ತು ಜಾಗ. ಹಬೆಯ ಪಸೆ ತಾನಾಗಿ ಆರಲಿ ಅಂತ ಬಾಗಿಲು ತೆರೆದಿಟ್ಟು, ಚೌಕಟ್ಟಿಗೆ ಸುಣ್ಣದ ಗೆರೆ ಎಳೆದು, ಮುಂದಿನ ಅಂಗಡಿಗೆ ಗಾಡಿ ತಳ್ಳಿಕೊಂಡು ಹೋದಳು. ಮಾರನೆಯ ದಿನ ಬಂದು ಕೂತರೆ ಮತ್ತೆ ಅದೇ ಹೆದರಿಕೆ.

ಅವಳಿಗೆ ಅವಮಾನವಾಯಿತು. ತಾನು ಹೊಡೆದರೂ ಬಿಡದ ಅಂಟು ಅಂತ ಅವಳ ಬಾಳಿನಲ್ಲೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ಗಂಡಹೆಂಡಿರ ಮುಖ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಯಾಕೆಂದರೆ ನಮ್ಮೂರಿನ ಕಾಯಿದೆ ಗಟ್ಟಿ. ಅಂಟು ಬಿಡದ ಮಳಿಗೆ ಅಂತ ದೂರು ಹೋದರೆ ನೈರ್ಮಲ್ಯದ ಸಾಹೇಬರು ಬರುತ್ತಾರೆ. ಅವರ ಕಣ್ಣೆದುರಿಗೆ ಒಬ್ಬರಾದರೂ ಕೂತು, ತಟ್ಟೆ ಖಾಲಿ ಮಾಡಿ ಏಳಬೇಕು. ಆಮೇಲೆ ಅದೇ ಜಾಗದಲ್ಲಿ ಸಾಹೇಬರು ತಾವೇ ಕೂತು ನೋಡುತ್ತಾರೆ. ಸರಿಯಿಲ್ಲ ಅಂದರೆ ಅವತ್ತೇ ಬೀಗ, ಮತ್ತೆ ಆ ಬಾಗಿಲು ತೆರೆಯುವಂತಿಲ್ಲ. ಯಾರೋ ಪುಣ್ಯಾತ್ಮರು ದೂರು ಕೊಟ್ಟಾಗಿತ್ತು. ಸಾಹೇಬರು ಶುಕ್ರವಾರ ಬರುವವರಿದ್ದರು.

"ಬೀಗ ಬಿದ್ರೆ ಏನ್ ಮಾಡ್ತೀರಿ ಕಮಲಾಕ್ಷಮ್ಮ?" ಎಂದು ನಾನು ಕೇಳಿದ್ದೆ.

"ಇನ್ನೇನು, ಮತ್ತೆ ಇನ್ನೊಬ್ಬರ ಒಲೆ ಮುಂದೆ," ಎಂದರು ಆಕೆ. "ನನಗೆ ಅಭ್ಯಾಸ ಇದೆ. ಇವರು ತಡ್ಕೊಳಲ್ಲ."

ಬುಧವಾರ ಬೆಳಿಗ್ಗೆ ಲಿಂಗಕ್ಕ ಹೋಟೆಲು ಮುಗಿಸಿ ನನ್ನ ಅಂಗಡಿಗೆ ಬಂದಳು. ನನ್ನ ಸ್ಟೂಲಿಗೆ ಹಬೆ ಹೊಡೆದು, ಕೂತು ನೋಡಿ ಸರಿಯಿದೆ ಅಂತ ಎದ್ದು, ಬಾಗಿಲಿಗೆ ಒರಗಿ ನಿಂತಳು. ಮಂಡಿ ನಡುಗುತ್ತಿತ್ತು. ಅದನ್ನು ನೋಡಿ ಎದುರಿನಿಂದ ವಾಮನಯ್ಯ ಲೋಟದಲ್ಲಿ ಕಾಫಿ ಹಿಡಿದು ಬಂದರು. ಹೆಗಲ ಮೇಲೆ ಯಾವಾಗಲೂ ಇರುವ ಬಿಳಿ ವಸ್ತ್ರ, ಮುಖದಲ್ಲಿ ಯಾವಾಗಲೂ ಇರುವ ಸಂಕೋಚ.

"ಕೂತ್ಕೊಂಡು ಕುಡೀರಿ ಅಕ್ಕಾ. ನಮ್ಮಿಂದ ನಿಮಗೆ ಎಷ್ಟು ತೊಂದರೆ."

"ನಾನು ಕೂತ್ರೆ ಮತ್ತೆ ಹಬೆ ಹೊಡೀಬೇಕಾಗುತ್ತೆ ಸ್ವಾಮಿ."

"ಹೊಡೆದ್ರಾಯ್ತು, ಕೂತ್ಕೊಳ್ಳಿ," ಎಂದು ಅವರು ಹೆಗಲಿನ ವಸ್ತ್ರ ತೆಗೆದು ನನ್ನ ಸ್ಟೂಲನ್ನು ಮೇಲೆ ಕೆಳಗೆ ಚೆನ್ನಾಗಿ ಒರೆಸಿದರು. ದೊಡ್ಡವರ ಮನೆಯಲ್ಲಿ ಬಂದವರಿಗೆ ಮಣೆ ಒರೆಸಿ ಹಾಕುತ್ತಾರಲ್ಲ, ಹಾಗೆ.

ಲಿಂಗಕ್ಕ ಕೂತಳು. ಕೂತವಳು ಕೆಂಡ ಮುಟ್ಟಿದವರಂತೆ ಎದ್ದಳು. ಕಾಫಿ ನನ್ನ ಹೊಸ ಲೈನಿಂಗ್ ಬಟ್ಟೆಯ ಮೇಲೆ ಚೆಲ್ಲಿತು.

"ಇದೇ," ಎಂದಳು. "ಇದೇ ಅದು!"

ನಾನು ಸ್ಟೂಲು ನೋಡಿದೆ, ಅವಳನ್ನು ನೋಡಿದೆ. ಈಗ ತಾನೇ ಹಬೆ ಹೊಡೆದ ಸ್ಟೂಲು. ಆಮೇಲೆ ಯಾರೂ ಕೂತಿಲ್ಲ. ವಾಮನಯ್ಯ ಮುಟ್ಟಿಯೂ ಇಲ್ಲ, ವಸ್ತ್ರ ಬಿಟ್ಟರೆ. ಲಿಂಗಕ್ಕ ಅವರ ಕೈಯಿಂದ ವಸ್ತ್ರ ಕಿತ್ತುಕೊಂಡು, ನನ್ನ ಮಿಷನ್ನಿನ ಮುಂದಿನ ಕುರ್ಚಿಯ ಮೇಲೆ ಹಾಸಿ ಕೂತು ಕಣ್ಣು ಮುಚ್ಚಿದಳು. ಅವಳ ಗಲ್ಲ ಅದುರತೊಡಗಿತು. "ಅಯ್ಯೋ ದೇವ್ರೆ, ಎಷ್ಟು ಹೆದ್ರಿದೀರಿ ವಾಮನಯ್ಯೋರೆ ನೀವು," ಎಂದಳು. ಬೈಯಲಿಲ್ಲ. ಅವಳಿಗೆ ಅಳುವೇ ಬಂದಿತ್ತು.

ಆಮೇಲೆ ಎಲ್ಲ ಬಿಚ್ಚಿಕೊಂಡಿತು. ನಮ್ಮೂರಿನ ಹೋಟೆಲುಗಳಲ್ಲಿ ಬಟ್ಟೆಯಿಂದ ಒರೆಸುವ ರೂಢಿಯೇ ಇಲ್ಲ. ಮೇಜಿಗೆ ನೀರು ಸುರಿದು ಹಲಗೆಯಿಂದ ತಳ್ಳುತ್ತಾರೆ. ಯಾಕೆ ಅಂತ ಕೇಳಿದರೆ ಮುಂಚಿನಿಂದ ಹಾಗೇ ಅನ್ನುತ್ತಾರೆ. ವಾಮನಯ್ಯ ಹೊರಗಿನವರು, ಚೊಕ್ಕಟದ ಮನುಷ್ಯ. ಲಿಂಗಕ್ಕ ಅತ್ತ ಹೋದ ಕೂಡಲೇ, ಹಬೆಯ ಪಸೆ ಬೆಂಚಿನ ಮೇಲೆ ಉಳಿಯಬಾರದು, ಬಂದವರ ಪಂಚೆ ಒದ್ದೆಯಾಗಬಾರದು ಅಂತ ಒಂದೊಂದನ್ನೂ ಹೆಗಲಿನ ವಸ್ತ್ರದಿಂದ ಒರೆಸಿಡುತ್ತಿದ್ದರು. ನಾನು ದಿನಾ ನೋಡುತ್ತಿದ್ದೆ, ಎಷ್ಟು ಶಿಸ್ತಪ್ಪ ಇವರದು ಅಂತ ಮೆಚ್ಚುತ್ತಲೂ ಇದ್ದೆ. ಆ ವಸ್ತ್ರ ಹಗಲೆಲ್ಲ ಅವರ ಹೆಗಲ ಮೇಲೆ. ಗಿರಾಕಿ ಕಂಡರೆ ಅದರಿಂದ ಬೆವರು ಒರೆಸುವುದು, ಗಿರಾಕಿ ತಟ್ಟೆ ಬಿಟ್ಟು ಎದ್ದರೆ ಅದರ ಚುಂಗು ಹಿಂಡುವುದು.

"ನಾನು ಕ್ಲೀನ್ ಮಾಡ್ತಾ ಇದ್ದೆ ಅಂದ್ಕೊಂಡಿದ್ದೆನಲ್ಲ," ಎಂದರು ವಾಮನಯ್ಯ. ಅಷ್ಟು ದೊಡ್ಡ ಗಂಡಸು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಸಿದರು.

ಲಿಂಗಕ್ಕ ವಸ್ತ್ರವನ್ನು ಬಾಯ್ಲರಿನ ಬಾಯಿಗೆ ಹಿಡಿದು ನೂಲು ನೂಲು ಬೇಯಿಸಿದಳು. ಬೆಂಚುಗಳಿಗೆ ಇನ್ನೊಮ್ಮೆ ಹಬೆ ಹೊಡೆದಳು. "ಇನ್ನು ಬಟ್ಟೆ ಮುಟ್ಟಿದ್ರೆ ನಾನು ಸುಮ್ನಿರಲ್ಲ. ಪಸೆ ಇದ್ರೆ ಇರ್ಲಿ, ಗಾಳಿಗೆ ಆರುತ್ತೆ," ಎಂದು ಕಟ್ಟಪ್ಪಣೆ ಮಾಡಿದಳು. ಗುರುವಾರ ಬೆಳಿಗ್ಗೆ ಕೂತು ನೋಡಿದರೆ ಅಂಟು ಇರಲಿಲ್ಲ. ಅಂಟು ಇರಲಿಲ್ಲ, ಗಿರಾಕಿಯೂ ಇರಲಿಲ್ಲ. ಒಳಗೆ ಹೋದರೆ ಮುಖ ಇಳಿಯುವ ಹೋಟೆಲು ಅಂತ ಊರೆಲ್ಲ ಸುದ್ದಿಯಾಗಿತ್ತು, ಜನ ಆ ಕಡೆಯ ಕಾಲುದಾರಿಯನ್ನೇ ಬಿಟ್ಟಿದ್ದರು. ವಸ್ತ್ರದ ಕಥೆ ಹೇಳಿದರೆ ಯಾರು ನಂಬುತ್ತಾರೆ? ಬಟ್ಟೆಯಲ್ಲಿ ಅಂಟು ಓಡಾಡುತ್ತದೆ ಅಂತ ಅಪ್ಪ ಅಜ್ಜ ಯಾರೂ ಹೇಳಿರಲಿಲ್ಲ.

ಶುಕ್ರವಾರ ಸಾಹೇಬರು ಬಂದರು. ಪಟ್ಟಾಭಿರಾಮು ಅಂತ, ಸಣ್ಣ ಆಳು, ನಿಂತಲ್ಲಿ ನಿಲ್ಲದ ಮನುಷ್ಯ. ಊರಿನ ಅಂಗಡಿಗಳನ್ನೆಲ್ಲ ನೋಡಬೇಕಲ್ಲ, ಊಟವನ್ನೂ ನಡೆಯುತ್ತಾ ಮಾಡುತ್ತಾರೆ ಅಂತ ಪ್ರತೀತಿ. ಹೋಟೆಲಿನ ಮುಂದೆ ಜನ ಸೇರಿತು. ನೋಡುವುದಕ್ಕೆ ಸೇರುವವರಿಗೆ ನಮ್ಮೂರಲ್ಲಿ ಕೊರತೆಯೇ?

"ಯಾರು ಕೂರ್ತೀರಿ?" ಎಂದರು ಸಾಹೇಬರು.

ಚನ್ನವೀರಣ್ಣ ಚಪ್ಪಲಿ ನೋಡಿಕೊಂಡ. ಬಳೆ ಅಂಗಡಿಯವನಿಗೆ ಕೆಮ್ಮು ಬಂತು. ನಾನು ಹೋಗಬಹುದಿತ್ತು, ವಸ್ತ್ರದ ಸಂಗತಿ ಕಣ್ಣಾರೆ ಕಂಡವಳು. ಆದರೆ ಅವತ್ತು ಕೊಡಬೇಕಾದ ಬ್ಲೌಸುಗಳಿದ್ದವು, ಹೆದರಿಕೆ ಹತ್ತಿಸಿಕೊಂಡು ಕತ್ತರಿ ಹಿಡಿದರೆ ತೋಳು ಎಲ್ಲಿಗೆ ಹೋಗುತ್ತದೋ ಅಂತ ನನ್ನ ಕಾಲೇ ಏಳಲಿಲ್ಲ. ಒಳಗೆ ವಾಮನಯ್ಯ ಬರಿಹೆಗಲಿನಲ್ಲಿ ನಿಂತಿದ್ದರು. ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಬೆನ್ನ ಹಿಂದೆ, ಒಮ್ಮೆ ಎದೆಯ ಮೇಲೆ ಇಡುತ್ತಿದ್ದರು.

"ನಾನು ಕೂರ್ತೀನಿ," ಎಂಬ ಮಾತು ಹಿಂದಿನಿಂದ ಬಂತು.

ಲಿಂಗಕ್ಕ. ಗಾಡಿ ಇರಲಿಲ್ಲ. ಬೆಳಿಗ್ಗೆಯ ಕೆಲಸವನ್ನು ತಂಗಿಯ ಮಗಳಿಗೆ ವಹಿಸಿ, ತಲೆಗೆ ನೀರು ಹಾಕಿಕೊಂಡು, ಮಡಿಕೆ ಮುರಿಯದ ಹಸಿರು ಸೀರೆ ಉಟ್ಟು ಬಂದಿದ್ದಳು. ಜನ ಗುಸುಗುಸು ಶುರುಮಾಡಿದರು. ಹಬೆಯವಳು ಕೂರುವುದೇ? ಇಷ್ಟು ವರ್ಷ ಊರಿನ ಸಿಟ್ಟು, ಸೆಡವು, ಅಸೂಯೆ ಎಲ್ಲದರ ಮೇಲೂ ಕೂತವಳು. ನೀರು ಹಾಕಿಕೊಂಡರೆ ಎಲ್ಲ ಹೋಗುತ್ತದೆಯೇ? ಅವಳ ಒಳಗೆ ಏನೇನು ಉಳಿದಿದೆಯೋ, ಅದೆಲ್ಲ ಬೆಂಚಿಗೆ ಇಳಿದರೆ ಮುಗಿಯಿತು ಕಥೆ.

"ಏನಮ್ಮ ಲಿಂಗಮ್ಮ, ಯೋಚ್ನೆ ಮಾಡಿದೀಯಾ?" ಎಂದರು ಸಾಹೇಬರು.

"ಹಸಿವಾಗಿದೆ ಬುದ್ಧಿ," ಎಂದಳು ಅವಳು.

ಮೂಲೆಯ ಬೆಂಚಿನಲ್ಲಿ ಕೂತಳು. ಕಮಲಾಕ್ಷಮ್ಮ ತಾವೇ ತಟ್ಟೆ ತಂದಿಟ್ಟರು. ಹೊಗೆಯಾಡುವ ಇಡ್ಲಿ, ಒಂದು ವಡೆ, ಗಟ್ಟಿ ಚಟ್ನಿ, ಮೇಲೆ ಒಂದು ಚಮಚ ತುಪ್ಪ. ಲಿಂಗಕ್ಕ ಮೊದಲ ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿಯಲೇ ಇಲ್ಲ. ಕೂತು ನೋಡುವವರ ಹಾಗೆ ನೆಟ್ಟಗೆ ಕೂತಿದ್ದವಳು ನಿಧಾನಕ್ಕೆ ಬೆನ್ನು ಸಡಿಲ ಬಿಟ್ಟಳು. ಎಡಗಾಲು ಚಾಚಿದಳು, ಬಲಗಾಲು ಚಾಚಿದಳು. ಆಮೇಲೆ ನಾವು ಯಾರೂ ಅಲ್ಲಿ ಇಲ್ಲವೇನೋ ಅನ್ನುವ ಹಾಗೆ ತಿಂದಳು. ಇಡ್ಲಿ ಮುಗಿಯಿತು, ಇನ್ನೆರಡು ಹಾಕಿಸಿಕೊಂಡಳು. ವಡೆಯನ್ನು ಚಟ್ನಿಯಲ್ಲಿ ಹೊರಳಿಸಿದಳು. ತಟ್ಟೆಯ ಅಂಚನ್ನು ಬೆರಳಿನಿಂದ ಬಳಿದಳು. ಅವಳನ್ನು ನೋಡಿ ಬಾಗಿಲಲ್ಲಿದ್ದವರು ಎಂಜಲು ನುಂಗಿದ್ದು ನನಗೆ ಕೇಳಿಸಿತು. ಕಾಫಿಯನ್ನು ಆರಿಸಿಕೊಂಡು, ನಿಧಾನವಾಗಿ, ಕೂತು ಕುಡಿದಳು. ದಿನಾ ಎದುರಿಗೇ ಓಡಾಡುವ ಹೆಂಗಸು, ಅವಳು ಹೀಗೆ ಕೂತಿದ್ದನ್ನು ನಾನು ಕಂಡೇ ಇರಲಿಲ್ಲ.

ಅವಳು ಎದ್ದಳು. ಸಾಹೇಬರು ಟೋಪಿ ತೆಗೆದು ಜವಾನನ ಕೈಗೆ ಕೊಟ್ಟು, ಒಂದು ಸಲ ಉಸಿರೆಳೆದುಕೊಂಡು ಅದೇ ಜಾಗದಲ್ಲಿ ಕೂತರು. ವಾಮನಯ್ಯ ಕಣ್ಣು ಮುಚ್ಚಿದರು.

ಸಾಹೇಬರು ಎದುರಿನ ಗೋಡೆ ನೋಡುತ್ತಾ ಕೂತರು. ಅವರ ಹುಬ್ಬಿನ ನಡುವೆ ಒಂದು ಗಂಟು ಇತ್ತು, ಹುಟ್ಟಿನಿಂದ ಬಂದದ್ದು ಅಂತ ನಾವೆಲ್ಲ ಅಂದುಕೊಂಡಿದ್ದೆವು, ಅದು ಬಿಚ್ಚಿತು. ಕಾಲು ಚಾಚಿದರು.

"ಸಾರ್, ಇನ್ನೂ ಎಣ್ಣೆ ಗಾಣದ ಬೀದಿ ಇದೆ," ಎಂದ ಜವಾನ.

"ಇರಯ್ಯ," ಎಂದರು ಪಟ್ಟಾಭಿರಾಮು. "ಅದೆಲ್ಲಿಗೆ ಓಡಿಹೋಗುತ್ತೆ?"

ಆ ಮಾತು ಅವರ ಬಾಯಲ್ಲಿ ಬಂದದ್ದೇ ತಡ, ಬೀದಿಯೆಲ್ಲ ನಕ್ಕಿತು. ಚನ್ನವೀರಣ್ಣ ಎಲ್ಲರನ್ನೂ ತಳ್ಳಿಕೊಂಡು ಒಳಗೆ ಹೋಗಿ ಕಿಟಕಿ ಪಕ್ಕದ ಬೆಂಚು ಹಿಡಿದ. ಅವನ ಹಿಂದೆ ಬಳೆ ಅಂಗಡಿಯವನು, ಅವನ ಹಿಂದೆ ಇನ್ನಾರೋ. ಕಮಲಾಕ್ಷಮ್ಮ ಒಳಗಿನಿಂದ ಕೂಗಿದರು, "ನೋಡ್ತಾ ನಿಂತಿದೀರಲ್ಲ, ಬನ್ನಿ, ಹಿಟ್ಟು ಹುಯ್ಯೋರು ಯಾರು?"

ವಾಮನಯ್ಯ ಓಡಿದವರು ಮತ್ತೆ ಹೊರಗೆ ಬಂದು ಲಿಂಗಕ್ಕನ ಹತ್ತಿರ ಬಗ್ಗಿ, "ಅಕ್ಕಾ, ಒಂದು ಮಾತು. ಆ ಮೂಲೆ ಬೆಂಚನ್ನು ನೀವು ಬೇಯಿಸಿಕೊಟ್ಟ ವಸ್ತ್ರದಲ್ಲಿ ಒರೆಸಿ, ಅದೇ ವಸ್ತ್ರ ಮಿಕ್ಕ ಬೆಂಚಿಗೂ ಆಡಿಸಿಬಿಡಲಾ? ಎಲ್ಲರಿಗೂ ನಿಮ್ಮದೇ ಸಿಗುತ್ತೆ," ಎಂದರು.

"ಕೈ ಮುರೀತೀನಿ," ಎಂದಳು ಲಿಂಗಕ್ಕ. "ಅವರವರದ್ದು ಅವರವರು ತಂದ್ಕೊಳ್ಳಲಿ."

ಮಾರನೆಯ ಬೆಳಿಗ್ಗೆ ಅವಳೇ ಬಂದು ತನ್ನ ಬೆಂಚಿಗೂ ಹಬೆ ಹೊಡೆದಳು. ಇದಾಗಿ ಈಗ ಎರಡು ಮಳೆಗಾಲ ಕಳೆದಿದೆ. ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಎದುರಿಗೆ ಲಿಂಗಕ್ಕ ಕೂತು ನೋಡುತ್ತಿರುತ್ತಾಳೆ, ಸಿಕ್ಕಿದ್ದನ್ನು ಅಲ್ಲಿಂದಲೇ ನನಗೆ ಕೂಗಿ ಹೇಳುತ್ತಾಳೆ. "ಸುಗುಣ, ಇಲ್ಲಿ ಯಾರೋ ಸೊಸೆ ಮೇಲೆ ಕೆಂಡ ಕಾರ್ತಿದಾಳೆ!" "ಇಲ್ಲೊಬ್ಬ ಬಸ್ ತಪ್ಪಿಸ್ಕೊಂಡೋನು!" "ಅಯ್ಯೋ, ಇಲ್ಲಿ ಹೆಣ್ಣು ನೋಡಕ್ಕೆ ಹೊರಟಿರೋ ಗಂಡು ಕಣೇ!" ಒಂದೊಂದು ಬೆಂಚಿಗೆ ಒಂದೊಂದು, ತುಂಬಿದ ಹೋಟೆಲಿನ ಹದವಾದ ಕೊಳೆ. ಅದನ್ನು ಎಬ್ಬಿಸುವಾಗ ಅವಳ ಬಾಯ್ಲರು ಹಾಡಿಕೊಂಡು ಕೆಲಸ ಮಾಡುತ್ತದೆ.

ಮೊನ್ನೆ ಮಾತ್ರ ಕೊನೆಯ ಬೆಂಚಿನಲ್ಲಿ ಕೂತವಳು ಕೂಗಲಿಲ್ಲ. ಏಳಲೂ ಇಲ್ಲ. ನಾನು ಸೂಜಿ ಚುಚ್ಚಿಟ್ಟು ಬೀದಿ ದಾಟಿ ಹೋದೆ.

"ಯಾರ್ದಕ್ಕಾ?" ಎಂದೆ.

ಅವಳು ಗಲ್ಲ ಎತ್ತಿ ಒಳಗೆ ತೋರಿಸಿದಳು. ವಾಮನಯ್ಯ ಬರಿಹೆಗಲಿನಲ್ಲಿ ಕೂತು ಕಾಯಿ ತುರಿಯುತ್ತಿದ್ದರು. ಹಿಂದಿನ ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ, ಹೆಂಡತಿ ಬಡಿಸಿದ್ದನ್ನು ಆ ಬೆಂಚಿನಲ್ಲಿ ಕೂತು ತಿಂದರಂತೆ. ತಮ್ಮ ಹೋಟೆಲಿನಲ್ಲಿ ಅವರು ಹಾಗೆ ಕೂತದ್ದು ಅದೇ ಮೊದಲು.

ನಾನೂ ಪಕ್ಕದಲ್ಲಿ ಕೂತು ನೋಡಿದೆ. ಏನು ಹೇಳಲಿ. ಒಲೆ ಆರಿದ ಮೇಲೆ ಅಡಿಗೆಮನೆ ಇರುತ್ತದಲ್ಲ, ಬೆಚ್ಚಗೆ, ಯಾರಿಗೂ ಯಾವ ಅವಸರವೂ ಇಲ್ಲದ ಹಾಗೆ.

"ಇದೊಂದನ್ನ ಹಾಗೇ ಬಿಟ್ಬಿಡಕ್ಕಾ," ಎಂದೆ.

ಲಿಂಗಕ್ಕ ಮಂಡಿ ಹಿಡಿದುಕೊಂಡು ಎದ್ದಳು, ಹಿತ್ತಾಳೆಯ ಮೂತಿಯನ್ನು ಬೆಂಚಿಗೆ ತಾಗಿಸಿದಳು. "ಯಾಕ್ ಬಿಡ್ಲಿ?" ಎಂದಳು. "ಇವರು ಇವತ್ತೂ ಕೂರ್ತಾರೆ." ಬಿಳಿ ಹಬೆ ಎದ್ದು ಬಾಗಿಲಿನಿಂದ ಬೀದಿಗೆ ಹೋಯಿತು.